ಬೇಸ್‌ಬಾಲ್ ಪ್ಲೇ ಆಫ್: ಹನ್ನೆರಡು ತಂಡ ಸಾಲದೇ?

ಅಮೆರಿಕದ ವೃತ್ತಿಪರ ಬೇಸ್‌ಬಾಲ್ ಕೂಟವಾದ ಮೇಜರ್ ಲೀಗ್‌ನಲ್ಲಿ 30 ತಂಡಗಳಿವೆ. ಪ್ರತಿ ತಂಡವೂ ಆರು ತಿಂಗಳಲ್ಲಿ 162 ಪಂದ್ಯ ಆಡುತ್ತದೆ. ಇಷ್ಟೆಲ್ಲ ಆಡಿದ ಮೇಲೆ ಪ್ರಶಸ್ತಿ ಹಂತಕ್ಕೆ, ಅಂದರೆ ಪ್ಲೇ ಆಫ್‌ಗೆ, ಎಷ್ಟು ತಂಡಗಳಿಗೆ ಪ್ರವೇಶ ನೀಡಬೇಕು ಎಂಬುದು ಅಲ್ಲಿನ ಹಳೆಯ ವಿವಾದ. 2022ರಿಂದ ಈ ಸಂಖ್ಯೆ 12. ಮಾಲೀಕರು ಆಗ ಕೇಳಿದ್ದು 14. ಆಟಗಾರರ ಸಂಘ ಒಪ್ಪಿದ್ದು 12ಕ್ಕೆ. ಆ ಒಪ್ಪಂದಕ್ಕೆ ನಿಗದಿಯಾದ ಕೊನೆಯ ದಿನ 2026ರ ಡಿಸೆಂಬರ್ 1.

1903ರಲ್ಲಿ ಆರಂಭವಾದ ವರ್ಲ್ಡ್ ಸೀರೀಸ್‌ನಲ್ಲಿ 1968ರವರೆಗೂ ಅಮೆರಿಕನ್ ಮತ್ತು ನ್ಯಾಷನಲ್ ಲೀಗ್‌ಗಳ ಅಗ್ರ ತಂಡಗಳೆರಡೇ ನೇರವಾಗಿ ಸೆಣಸುತ್ತಿದ್ದವು. ಪ್ಲೇ ಆಫ್ ತಂಡಗಳು 1969ರಲ್ಲಿ ನಾಲ್ಕಾದವು, 1995ರಲ್ಲಿ ಎಂಟು, 2012ರಲ್ಲಿ ಹತ್ತು.

ವಿಸ್ತರಣೆಯ ಪರವಾದ ವಾದವನ್ನು ತಳ್ಳಿಹಾಕುವಂತಿಲ್ಲ. 1993ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜೈಂಟ್ಸ್ 103 ಪಂದ್ಯ ಗೆದ್ದೂ ಮನೆಗೆ ಮರಳಿತು. ಅದೇ ವಿಭಾಗದ ಅಟ್ಲಾಂಟ ಬ್ರೇವ್ಸ್ 104 ಗೆದ್ದಿದ್ದೇ ಕಾರಣ. ಇಂಥ ಅನ್ಯಾಯವನ್ನು ತಡೆಯಲು ವಿಭಾಗ ಗೆಲ್ಲದ ಉತ್ತಮ ತಂಡಗಳಿಗೂ ‘ವೈಲ್ಡ್ ಕಾರ್ಡ್’ ಅವಕಾಶ ಬೇಕಿತ್ತು. ಹೆಚ್ಚು ನಗರಗಳಲ್ಲಿ ಸೆಪ್ಟೆಂಬರ್‌ವರೆಗೂ ಆಸಕ್ತಿ ಉಳಿಯುತ್ತದೆ ಎಂಬುದೂ ನಿಜ. ಬ್ಯಾಸ್ಕೆಟ್‌ಬಾಲ್‌ನ ಎನ್‌ಬಿಎಯಲ್ಲಿ 30ರಲ್ಲಿ 16 ತಂಡಗಳು ಪ್ಲೇ ಆಫ್ ಆಡುವಾಗ ಬೇಸ್‌ಬಾಲ್‌ಗೇಕೆ ಜಿಪುಣತನ ಎಂದು ಕೇಳುವವರೂ ಇದ್ದಾರೆ.

ಉತ್ತರ ಆಟದ ಸ್ವಭಾವದಲ್ಲಿಯೇ ಇದೆ. ಬೇಸ್‌ಬಾಲ್‌ನಲ್ಲಿ ಅತ್ಯುತ್ತಮ ತಂಡವೂ ಮೂರರಲ್ಲಿ ಸುಮಾರು ಒಂದು ಪಂದ್ಯ ಸೋಲುತ್ತದೆ. ನೂರು ಗೆಲುವು ಮಹಾಸಾಧನೆ. ಆದರೂ ಅದರ ಜೊತೆಗೆ 62 ಸೋಲುಗಳಿರುತ್ತವೆ. ಬಲಾಬಲ ತಿಳಿಯಲು ನೂರಾರು ಪಂದ್ಯ ಬೇಕಾಗುವುದು ಇದಕ್ಕಾಗಿಯೇ. ಮೂರು ಅಥವಾ ಐದು ಪಂದ್ಯಗಳ ಕಿರು ಸರಣಿಯಲ್ಲಿ ಇಬ್ಬರು ಸಮರ್ಥ ಪಿಚರ್‌ಗಳಿದ್ದರೆ ಸಾಧಾರಣ ತಂಡವೂ ಬಲಿಷ್ಠರನ್ನು ಮಣಿಸಬಲ್ಲದು. 2022ರಲ್ಲಿ 111 ಪಂದ್ಯ ಗೆದ್ದಿದ್ದ ಲಾಸ್ ಏಂಜಲಿಸ್ ಡಾಡ್ಜರ್ಸ್ ತಾನಾಡಿದ ಮೊದಲ ಸರಣಿಯಲ್ಲಿಯೇ ಹೊರಬಿತ್ತು. ಮರುವರ್ಷ ನೂರು ಅಥವಾ ಅದಕ್ಕಿಂತ ಹೆಚ್ಚು ಗೆದ್ದ ಮೂರೂ ತಂಡಗಳ ಗತಿ ಇದೇ ಆಯಿತು. 84 ಗೆಲುವಿನ ಅರಿಜೋನಾ ಡೈಮಂಡ್‌ಬ್ಯಾಕ್ಸ್ ವರ್ಲ್ಡ್ ಸೀರೀಸ್‌ವರೆಗೆ ಸಾಗಿತು.

ಬಾಗಿಲು ಇನ್ನೂ ಅಗಲವಾದರೆ ಏನಾಗುತ್ತದೆಂಬುದಕ್ಕೆ ಕೋವಿಡ್ ವರ್ಷವಾದ 2020 ಉದಾಹರಣೆ. 60 ಪಂದ್ಯಗಳ ಆ ಋತುವಿನಲ್ಲಿ 16 ತಂಡಗಳಿಗೆ ಅವಕಾಶ ದೊರೆಯಿತು. 29 ಗೆದ್ದು 31 ಸೋತಿದ್ದ ಹ್ಯೂಸ್ಟನ್ ಆಸ್ಟ್ರೋಸ್, ಅಮೆರಿಕನ್ ಲೀಗ್ ಫೈನಲ್‌ನ ಏಳನೇ ಪಂದ್ಯದವರೆಗೂ ಹೋರಾಡಿತು. ಗೆದ್ದಿದ್ದಕ್ಕಿಂತ ಹೆಚ್ಚು ಸೋತ ತಂಡ ಚಾಂಪಿಯನ್ ಆಗಲು ಉಳಿದಿದ್ದು ಕೆಲವೇ ಹೆಜ್ಜೆ!

ಮಾಲೀಕರ ಆಸಕ್ತಿಯ ಹಿಂದೆ ಟಿವಿ ಹಕ್ಕಿನ ಹಣವಿದೆ. ಅದರಲ್ಲಿ ಗುಟ್ಟೇನೂ ಇಲ್ಲ. ಆಟಗಾರರ ಸಂಬಳ ಲೀಗ್ ಹಂತಕ್ಕೆ ಸಂಬಂಧಿಸಿದ್ದು. ಪ್ಲೇ ಆಫ್‌ನಲ್ಲಿ ಅವರಿಗೆ ದೊರೆಯುವುದು ಟಿಕೆಟ್ ವರಮಾನದ ಒಂದು ಪಾಲು. ಎಂಬತ್ತಮೂರೋ ಎಂಬತ್ತನಾಲ್ಕೋ ಗೆಲುವಿಗೆ ಪ್ರವೇಶ ಸಿಗುವುದಾದರೆ ದುಬಾರಿ ಆಟಗಾರರನ್ನು ಯಾವ ಮಾಲೀಕ ಕೊಂಡಾನು ಎಂಬ ಸಂಘದ ಆತಂಕ ಸಕಾರಣವಾದದ್ದು.

ಹಾಗಾಗಿ ಸಂಖ್ಯೆಗಿಂತ ಮುಖ್ಯವಾದ ಪ್ರಶ್ನೆ, ಲೀಗ್ ಹಂತದಲ್ಲಿ ಮುಂದಿದ್ದವರಿಗೆ ಸಿಗುವ ಪ್ರತಿಫಲದ್ದು. ಈಗ ಪ್ರತಿ ಲೀಗ್‌ನ ಮೊದಲೆರಡು ವಿಭಾಗ ವಿಜೇತ ತಂಡಗಳಿಗೆ ಮೊದಲ ಸುತ್ತಿನಿಂದ ವಿನಾಯಿತಿ ಇದೆ. 2022 ಮತ್ತು 2023ರಲ್ಲಿ ಹೀಗೆ ವಿನಾಯಿತಿ ಪಡೆದ ಎಂಟು ತಂಡಗಳಲ್ಲಿ ಐದು, ಮೊದಲ ಸರಣಿಯಲ್ಲಿಯೇ ಸೋತವು. ವಿಶ್ರಾಂತಿಯೇ ಮುಳುವಾಯಿತು ಎಂಬ ಕೂಗೆದ್ದಿತು. ನಂತರದ ಎರಡು ವರ್ಷಗಳಲ್ಲಿ ಎಂಟರಲ್ಲಿ ಎರಡು ಮಾತ್ರ ಸೋತಾಗ ಅದು ತಣ್ಣಗಾಯಿತು. ಆದರೆ 14 ತಂಡಗಳ ಪ್ರಸ್ತಾವದಲ್ಲಿ ಈ ವಿನಾಯಿತಿಯೂ ಪ್ರತಿ ಲೀಗ್‌ಗೆ ಒಂದೇ ತಂಡಕ್ಕೆ ಸೀಮಿತವಾಗಿತ್ತು. ಪ್ರವೇಶ ಸುಲಭವಾಗಿ, ಅಗ್ರಸ್ಥಾನದ ಬೆಲೆ ಕುಸಿಯುವ ಈ ಲೆಕ್ಕಾಚಾರ ಒಪ್ಪತಕ್ಕದ್ದಲ್ಲ.

ಏಷ್ಯಾದ ಲೀಗ್‌ಗಳು ಈ ವಿಷಯದಲ್ಲಿ ಉದಾರಿಗಳು. ಹತ್ತು ತಂಡಗಳ ದಕ್ಷಿಣ ಕೊರಿಯಾದಲ್ಲಿ ಐದು ತಂಡಗಳಿಗೆ ಪ್ರವೇಶವಿದ್ದರೂ ಅಗ್ರ ತಂಡ ನೇರವಾಗಿ ಫೈನಲ್‌ನಲ್ಲಿಯೇ ಕಣಕ್ಕಿಳಿಯುತ್ತದೆ. ಜಪಾನ್‌ನಲ್ಲಿ ಲೀಗ್ ವಿಜೇತ ತಂಡಕ್ಕೆ, ವರ್ಲ್ಡ್ ಸೀರೀಸ್‌ಗೆ ಸಮನಾದ ಜಪಾನ್ ಸೀರೀಸ್‌ಗೂ ಮುಂಚಿನ ಸರಣಿಯ ಎಲ್ಲ ಪಂದ್ಯಗಳು ತವರಿನಲ್ಲಿ, ಜೊತೆಗೆ ಆಡುವ ಮೊದಲೇ ಕನಿಷ್ಠ ಒಂದು ಗೆಲುವಿನ ಕೊಡುಗೆ. ಇಷ್ಟಾದರೂ 2024ರಲ್ಲಿ ಸೆಂಟ್ರಲ್ ಲೀಗ್‌ನ ಮೂರನೇ ಸ್ಥಾನದಲ್ಲಿದ್ದ ಯೊಕೊಹಾಮಾ ಡಿಎನ್‌ಎ ಬೇಸ್ಟಾರ್ಸ್ ಪ್ರಶಸ್ತಿ ಎತ್ತಿತು.