ಗುತ್ತೂರಿಗೆ ಬರುವ ವಿದ್ಯುತ್ತು, ಕಾಳಿ ಕಣಿವೆಯ ಆರೋಗ್ಯ: ಕೈಗಾ ಅಣುಸ್ಥಾವರದ ಪರಿಣಾಮಗಳ ಒಂದು ಮರುಪರಿಶೀಲನೆ

ತ್ಯಾವಣಿಗೆ ದಾವಣಗೆರೆ ಜಿಲ್ಲೆಯ ಭದ್ರಾ ಅಚ್ಚುಕಟ್ಟಿನ ಊರು. ನಾಲೆಯಲ್ಲಿ ನೀರಿದ್ದಾಗ ಭತ್ತ, ನೀರು ನಿಂತಾಗ ಕೊಳವೆಬಾವಿ. ಅಡಿಕೆ ತೋಟಗಳು ಹಬ್ಬಿದಂತೆ ಮೋಟರಿನ ಮೇಲಿನ ಅವಲಂಬನೆಯೂ ಬೆಳೆದಿದೆ. ಅತ್ತ ಜಗಳೂರಿನ ಬಯಲಲ್ಲಿ ಬೇಸಾಯ ಬಹುಪಾಲು ಮಳೆಯನ್ನೂ ಕೊಳವೆಬಾವಿಯನ್ನೂ ನಂಬಿದೆ. ಈ ಸೀಮೆಯ ರೈತರಿಗೆ ತ್ರೀ ಫೇಸ್ ಕರೆಂಟು ಎಷ್ಟು ಗಂಟೆ ಬರುತ್ತದೆ ಎಂಬುದು ಪ್ರತಿದಿನದ ಮಾತು. ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಅಪರೂಪ. ಉತ್ತರ ಕನ್ನಡದ ಕೈಗಾದಿಂದ ಹೊರಟ 400 ಕೆ.ವಿ. ಮಾರ್ಗಗಳು ಹರಿಹರದ ಬಳಿಯ ಗುತ್ತೂರು ವಿದ್ಯುತ್ ಕೇಂದ್ರಕ್ಕೆ ಬಂದು ಸೇರುತ್ತವೆ. ಜಾಲದೊಳಗೆ ಬೆರೆತ ವಿದ್ಯುತ್ತಿನಲ್ಲಿ ಯಾವುದು ಅಣುವಿನದು, ಯಾವುದು ಕಲ್ಲಿದ್ದಲಿನದು ಎಂದು ಬೇರ್ಪಡಿಸಲಾಗದು. ಆದರೂ ದಾವಣಗೆರೆ ಜಿಲ್ಲೆ ಕೈಗಾದ ಫಲಾನುಭವಿ ಎನ್ನಲು ಆ ತಂತಿಗಳೇ ಸಾಕು. ಹಾಗಾಗಿ ಕೈಗಾ ಇರುವ ಕಾಳಿ ಕಣಿವೆಯ ಜನರ ಆರೋಗ್ಯದ ಪ್ರಶ್ನೆಯನ್ನು ಅವರ ಪಾಡಿಗೆ ಬಿಡದೆ ನಾವೂ ಕೇಳಬೇಕಾಗಿದೆ.

ಈ ಲೇಖನದ ವಾದ ಇಷ್ಟು: ಕೈಗಾದ ಸುತ್ತ ಗಾಳಿ, ನೀರು, ಮಣ್ಣಿನ ವಿಕಿರಣವನ್ನು ದಶಕಗಳಿಂದ ಶ್ರದ್ಧೆಯಿಂದ ಅಳೆಯಲಾಗಿದೆ, ಅಲ್ಲಿ ಬದುಕುವ, ದುಡಿಯುವ ಮನುಷ್ಯರ ಆರೋಗ್ಯವನ್ನು ಅದೇ ಶ್ರದ್ಧೆಯಿಂದ, ಸರಿಯಾದ ಹೊತ್ತಿಗೆ ದಾಖಲಿಸಲಿಲ್ಲ. ಸ್ಥಾವರದ ಪರವಾಗಿರುವವರ ಭರವಸೆ, ವಿರೋಧಿಸುವವರ ಆತಂಕ ಎರಡೂ ಈ ಕೊರತೆಯ ಮೇಲೆಯೇ ನಿಂತಿವೆ.

ಕೈಗಾದಲ್ಲಿ ತಲಾ 220 ಮೆಗಾವ್ಯಾಟಿನ ನಾಲ್ಕು ಭಾರಜಲ ರಿಯಾಕ್ಟರುಗಳಿವೆ. ಮೊದಲೆರಡು 2000ದಲ್ಲಿ, ಮೂರನೆಯದು 2007ರಲ್ಲಿ, ನಾಲ್ಕನೆಯದು 2011ರಲ್ಲಿ ವಾಣಿಜ್ಯ ಉತ್ಪಾದನೆ ಆರಂಭಿಸಿದವು. ವಿರೋಧ ಇದಕ್ಕಿಂತ ಹಳೆಯದು. ಶಿವರಾಮ ಕಾರಂತರು 1989ರ ಲೋಕಸಭಾ ಚುನಾವಣೆಗೆ ಉತ್ತರ ಕನ್ನಡದಿಂದ ಸ್ಪರ್ಧಿಸಿ, ಪರಿಸರವನ್ನೇ ಚುನಾವಣೆಯ ವಿಷಯವಾಗಿಸಿದರು, ಸೋತರು. 1994ರ ಮೇ 13ರಂದು, ನಿರ್ಮಾಣ ಹಂತದಲ್ಲಿದ್ದ ಮೊದಲ ಘಟಕದ ಒಳಗುಮ್ಮಟದಿಂದ ಸುಮಾರು 130 ಟನ್ ಕಾಂಕ್ರೀಟು ಪದರ ಬಿಟ್ಟು ಕುಸಿಯಿತು. ಒಳಗೆ ಇಂಧನವಿನ್ನೂ ಇರಲಿಲ್ಲ, ವಿಕಿರಣದ ಮಾತೇ ಬರಲಿಲ್ಲ. ಆದರೆ ಅಪಘಾತವಾದರೆ ವಿಕಿರಣವನ್ನು ತಡೆದು ಹಿಡಿಯಬೇಕಾದ ಭಾಗವೇ ಅದು. ವಿನ್ಯಾಸ ಬದಲಾಯಿತು, ಕೆಲಸ ವರ್ಷಗಟ್ಟಲೆ ತಡವಾಯಿತು. ಅದೇ ಮೊದಲ ಘಟಕ 2016ರ ಮೇಯಿಂದ 2018ರ ಡಿಸೆಂಬರ್ 31ರವರೆಗೆ 962 ದಿನ ಒಮ್ಮೆಯೂ ನಿಲ್ಲದೆ ನಡೆದು ಆಗಿನ ವಿಶ್ವದಾಖಲೆ ಬರೆಯಿತು. ಎರಡೂ ಕೈಗಾದ ಚರಿತ್ರೆಯೇ. ಒಂದನ್ನು ಮಾತ್ರ ಹೇಳಿ ಇನ್ನೊಂದನ್ನು ಬಿಡುವವರ ಬರಹ ಸಂಶೋಧನೆಗೆ ಒದಗುವುದಿಲ್ಲ.

ಭಾರಜಲ ರಿಯಾಕ್ಟರಿನ ವಿಶೇಷ ಸಮಸ್ಯೆ ಟ್ರಿಟಿಯಂ. ಭಾರಜಲದ ಡ್ಯುಟೀರಿಯಂ ಪರಮಾಣು ನ್ಯೂಟ್ರಾನನ್ನು ನುಂಗಿದಾಗ ಇದು ಹುಟ್ಟುತ್ತದೆ. ವಿಕಿರಣಶೀಲ ಹೈಡ್ರೋಜನ್ ಆದ್ದರಿಂದ ನೀರಿನೊಳಗೆ ನೀರಾಗಿಯೇ ಸೇರಿಕೊಳ್ಳುತ್ತದೆ. ಯಾವ ಶೋಧಕವೂ ಅದನ್ನು ಹಿಡಿಯದು. ಅಲ್ಪ ಪ್ರಮಾಣದಲ್ಲಿ ಚಿಮಣಿಯಿಂದ ಆವಿಯಾಗಿಯೂ ದ್ರವತ್ಯಾಜ್ಯದ ಜೊತೆ ಪಕ್ಕದ ಕದ್ರಾ ಜಲಾಶಯಕ್ಕೂ ಹೋಗುತ್ತದೆ. ಪಶ್ಚಿಮಘಟ್ಟದ ಮಳೆಗಾಲದಲ್ಲಿ ಆವಿಯಲ್ಲಿದ್ದುದು ಮಳೆಯ ಜೊತೆ ನೆಲಕ್ಕಿಳಿದು, ಎಲೆಯ ತೇವಕ್ಕೂ ಗದ್ದೆಯ ನೀರಿಗೂ ಸೇರುತ್ತದೆ. ಅದರ ಅರ್ಧಾಯುಷ್ಯ 12.3 ವರ್ಷ, ಮನುಷ್ಯ ದೇಹದಿಂದ ಮಾತ್ರ ಸುಮಾರು ಹತ್ತು ದಿನಕ್ಕೆ ಅರ್ಧದಷ್ಟು ಬೆವರು, ಮೂತ್ರದ ಮೂಲಕ ಹೊರಬೀಳುತ್ತದೆ. ಸಸ್ಯದ, ಪ್ರಾಣಿಯ ಅಂಗಾಂಶದಲ್ಲಿ ರಾಸಾಯನಿಕವಾಗಿ ಬೆಸೆದುಕೊಂಡ ಪಾಲು ಇನ್ನೂ ಹೆಚ್ಚು ಕಾಲ ನಿಲ್ಲುತ್ತದೆ. ಕಾಳಿ ಕಣಿವೆಯಲ್ಲಿ ವಿಶೇಷವಾಗಿ ಅಧ್ಯಯನವಾಗಬೇಕಾದುದು ಈ ಪಾಲು ಎಂಬುದು ನನ್ನ ಅಭಿಪ್ರಾಯ.

2009ರ ನವೆಂಬರಿನ ಘಟನೆಯನ್ನು ಇಲ್ಲಿ ತುಸು ಬಿಡಿಸಿ ನೋಡಬೇಕು. ಮೊದಲ ಘಟಕ ವಾರ್ಷಿಕ ದುರಸ್ತಿಗೆಂದು ನಿಂತಿತ್ತು. ವಾಡಿಕೆಯ ಮೂತ್ರಪರೀಕ್ಷೆಯಲ್ಲಿ ಐವತ್ತಕ್ಕೂ ಹೆಚ್ಚು ಕೆಲಸಗಾರರ ದೇಹದಲ್ಲಿ ಟ್ರಿಟಿಯಂ ಹೆಚ್ಚಾಗಿ ಕಂಡಿತು. ಹುಡುಕುತ್ತ ಹೋದಾಗ ಸಿಕ್ಕಿದ ಮೂಲ ರಿಯಾಕ್ಟರಿನ ಬಿರುಕಲ್ಲ, ಕುಡಿಯುವ ನೀರಿನ ಕೂಲರು: ಟ್ರಿಟಿಯಂ ಇದ್ದ ಭಾರಜಲವನ್ನು ಯಾರೋ ಬೇಕೆಂದೇ ಅದಕ್ಕೆ ಬೆರೆಸಿದ್ದರು. ಇಬ್ಬರ ಡೋಸು ವಾರ್ಷಿಕ ಮಿತಿಯಾದ 30 ಮಿಲಿಸೀವರ್ಟನ್ನು ಮೀರಿತು. ಹೆಚ್ಚು ದ್ರವ, ಮೂತ್ರ ಹೆಚ್ಚಿಸುವ ಔಷಧಿ ಕೊಟ್ಟು ಅವರಿಗೆ ಚಿಕಿತ್ಸೆ ನಡೆಯಿತು. ವಿಷಯ ಬಯಲಾದದ್ದು ನಿಯಮಿತ ಪರೀಕ್ಷೆ ಇದ್ದುದರಿಂದ ಎಂಬುದು ವ್ಯವಸ್ಥೆಗೆ ಸಲ್ಲಬೇಕಾದ ಮಾತು. ಮನುಷ್ಯನ ದುರುದ್ದೇಶವನ್ನು ಸುರಕ್ಷತೆಯ ಲೆಕ್ಕದಲ್ಲಿ ಕಡೆಗಣಿಸಲಾಗದು ಎಂಬುದೂ ಅದೇ ಘಟನೆಯಿಂದ ಸಿದ್ಧವಾಯಿತು.

ಊರವರಿಗೆ ತಲುಪುವ ಡೋಸಿನ ಪ್ರಮಾಣ ಬೇರೆ. ಸಾರ್ವಜನಿಕರಿಗೆ ನಿಗದಿಯಾದ ವಾರ್ಷಿಕ ಮಿತಿ 1000 ಮೈಕ್ರೋಸೀವರ್ಟ್, ಅಂದರೆ ಒಂದು ಮಿಲಿಸೀವರ್ಟ್. ಜಗತ್ತಿನ ಸರಾಸರಿ ನೈಸರ್ಗಿಕ ವಿಕಿರಣ ಸುಮಾರು 2400. ಕೈಗಾದ ಪರಿಸರ ಸಮೀಕ್ಷಾ ಪ್ರಯೋಗಾಲಯದ ಲೆಕ್ಕದಲ್ಲಿ ಸ್ಥಾವರದಿಂದ ಸೇರುವುದು ಕೆಲವೇ ಮೈಕ್ರೋಸೀವರ್ಟ್. ಸ್ಥಾವರ ಆರಂಭವಾಗುವ ಮೊದಲೇ ಮಂಗಳೂರು ವಿಶ್ವವಿದ್ಯಾನಿಲಯದ ಸಂಶೋಧಕರು ಕೈಗಾದ ಮಣ್ಣು, ಗಿಡ, ಪಾಚಿಗಳಲ್ಲಿನ ನೈಸರ್ಗಿಕ ವಿಕಿರಣವನ್ನು ಅಳೆದಿಟ್ಟರು. ಕನ್ನಡ ನಾಡಿನ ವಿಶ್ವವಿದ್ಯಾನಿಲಯವೊಂದು ಮಾಡಿದ ಬಹು ಬೆಲೆಯುಳ್ಳ ಕೆಲಸವಿದು. ಮಣ್ಣಿನ ‘ಮೊದಲು’ ನಮ್ಮಲ್ಲಿದೆ. ಮನುಷ್ಯರ ‘ಮೊದಲು’ ಅಷ್ಟು ಗಟ್ಟಿಯಾಗಿಲ್ಲ.

ಒಂದು ಲೆಕ್ಕ ಮಾಡೋಣ. ಸ್ಥಾವರದ ಸಮೀಪ 10,000 ಜನರಿದ್ದು, ಪ್ರತಿಯೊಬ್ಬರಿಗೂ ವರ್ಷಕ್ಕೆ 10 ಮೈಕ್ರೋಸೀವರ್ಟ್ ಸೇರಿತು ಎನ್ನಿ. ಒಟ್ಟು ಡೋಸು 0.1 ಜನ-ಸೀವರ್ಟ್. ಅಂತರರಾಷ್ಟ್ರೀಯವಾಗಿ ಬಳಕೆಯಲ್ಲಿರುವ ಅಂದಾಜು, ಸೀವರ್ಟ್ ಒಂದಕ್ಕೆ ಮಾರಕ ಕ್ಯಾನ್ಸರಿನ ನೂರರಲ್ಲಿ ಐದರಷ್ಟು ಅಪಾಯ. ಅಂದರೆ ಇನ್ನೂರು ವರ್ಷದಲ್ಲಿ ಒಂದು ಹೆಚ್ಚುವರಿ ಸಾವು. ಅದೇ ಜನಸಂಖ್ಯೆಯಲ್ಲಿ ಬೇರೆ ಕಾರಣಗಳಿಂದಲೇ ವರ್ಷಕ್ಕೆ ಐದರಿಂದ ಹತ್ತು ಹೊಸ ಕ್ಯಾನ್ಸರ್ ಪ್ರಕರಣಗಳು ಬರಬಹುದು; ಒಂದು ವರ್ಷ ನಾಲ್ಕು, ಮರುವರ್ಷ ಹನ್ನೆರಡು ಎಂದು ತಾನಾಗಿ ಏರಿಳಿಯುವ ಸಂಖ್ಯೆ ಅದು. ಪ್ರಕಟಿತ ಡೋಸು ನಿಜವಾಗಿದ್ದರೆ ಯಾವ ಆರೋಗ್ಯ ಸಮೀಕ್ಷೆಗೂ ಅದರ ಪರಿಣಾಮ ಕಾಣದು. ಆದ್ದರಿಂದ ‘ಸಮೀಕ್ಷೆಯಲ್ಲಿ ಏನೂ ಸಿಗಲಿಲ್ಲ’ ಎಂಬುದು ನಿರಪಾಯಕ್ಕೆ ಪುರಾವೆಯಾಗದು. ‘ನಮ್ಮೂರಲ್ಲಿ ಈ ವರ್ಷ ಕ್ಯಾನ್ಸರ್ ಜಾಸ್ತಿ’ ಎಂಬುದು ಅಪಾಯಕ್ಕೆ ಪುರಾವೆಯಾಗದು. ಹಾಗಾದರೆ ಆರೋಗ್ಯ ಸಮೀಕ್ಷೆ ವ್ಯರ್ಥವೇ? ಅಲ್ಲ. ಡೋಸಿನ ಲೆಕ್ಕಕ್ಕೆ ಮೀರಿದ ಕಾಯಿಲೆ ವರ್ಷಗಳ ಕಾಲ ಎಡೆಬಿಡದೆ ಕಂಡರೆ, ಒಂದೋ ಆ ಲೆಕ್ಕ ತಪ್ಪಿರಬೇಕು, ಇಲ್ಲವೇ ನಾವು ಅರಿಯದ ಕಾರಣವಿರಬೇಕು. ಆರೋಗ್ಯದ ದಾಖಲೆ ವಿಕಿರಣದ ಲೆಕ್ಕಪುಸ್ತಕಕ್ಕೆ ಹೊರಗಿನಿಂದ ನಡೆಯುವ ಆಡಿಟ್.

ಇಂಥ ಆಡಿಟ್ ಜರ್ಮನಿಯಲ್ಲಿ ನಡೆದಿದೆ. 2007ರಲ್ಲಿ ಪ್ರಕಟವಾದ ಅಲ್ಲಿನ ಅಧ್ಯಯನದಲ್ಲಿ, ಅಣುಸ್ಥಾವರಗಳ ಐದು ಕಿಲೋಮೀಟರ್ ಒಳಗಿನ ಐದು ವರ್ಷದೊಳಗಿನ ಮಕ್ಕಳಲ್ಲಿ 17 ರಕ್ತಕ್ಯಾನ್ಸರ್ ಪ್ರಕರಣಗಳನ್ನು ನಿರೀಕ್ಷಿಸಬಹುದಾಗಿದ್ದಲ್ಲಿ 37 ಕಂಡವು. ಅಳತೆಗೆ ಸಿಕ್ಕ ಡೋಸಿನಿಂದ ಅದನ್ನು ವಿವರಿಸಲಾಗಲಿಲ್ಲ. ಇತ್ತ ಕೇರಳದ ಕರುನಾಗಪಳ್ಳಿಯಲ್ಲಿ, ಮೊನಜೈಟ್ ಮರಳಿನ ಹೆಚ್ಚಿನ ನೈಸರ್ಗಿಕ ವಿಕಿರಣದ ನಡುವೆ ಬದುಕುವ ಸುಮಾರು 70,000 ಜನರನ್ನು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಿಂಬಾಲಿಸಿದ ಅಧ್ಯಯನದಲ್ಲಿ (2009) ಹೆಚ್ಚುವರಿ ಕ್ಯಾನ್ಸರ್ ಕಾಣಲಿಲ್ಲ. ರಾಜಸ್ಥಾನದ ರಾವತ್‌ಭಾಟಾದಲ್ಲಿ ಸಂಘಮಿತ್ರಾ ಮತ್ತು ಸುರೇಂದ್ರ ಗಾಡೇಕರ್ 1991ರಲ್ಲಿ ಮನೆಮನೆ ಸಮೀಕ್ಷೆ ನಡೆಸಿ, ಸ್ಥಾವರದ ಹತ್ತಿರದ ಹಳ್ಳಿಗಳಲ್ಲಿ ಹುಟ್ಟುವಾಗಿನ ಅಂಗವೈಕಲ್ಯ ಹೆಚ್ಚೆಂದರು. ಅಣುಶಕ್ತಿ ವಲಯ ಅದನ್ನು ಒಪ್ಪಲಿಲ್ಲ. ಮೂರೂ ಒಂದೇ ದಿಕ್ಕು ತೋರುವುದಿಲ್ಲ. ಆದರೆ ಜರ್ಮನಿ ಮತ್ತು ಕರುನಾಗಪಳ್ಳಿಗಳಲ್ಲಿ ವರ್ಷಾನುಗಟ್ಟಲೆ ಕೂಡಿಟ್ಟ ಕ್ಯಾನ್ಸರ್ ನೋಂದಣಿಯಿತ್ತು. ರಾವತ್‌ಭಾಟಾದಲ್ಲಿ ಅಂಥ ಆಸರೆಯಿಲ್ಲದೆ ನಾಗರಿಕರೇ ಮನೆಬಾಗಿಲಿಗೆ ಹೋಗಬೇಕಾಯಿತು.

ಕೈಗಾ ಸೀಮೆಯಲ್ಲಿ ಟಾಟಾ ಸ್ಮಾರಕ ಕೇಂದ್ರ ಕ್ಯಾನ್ಸರ್ ನೋಂದಣಿ ಆರಂಭಿಸಿತು, ರಿಯಾಕ್ಟರು ನಡೆಯತೊಡಗಿ ವರ್ಷಗಳಾದ ಮೇಲೆ. ಆ ಕೇಂದ್ರದ ವೈದ್ಯಕೀಯ ಸಾಮರ್ಥ್ಯದ ಬಗ್ಗೆ ಎರಡು ಮಾತಿಲ್ಲ. ಆದರೆ ಅದು ಅಣುಶಕ್ತಿ ಇಲಾಖೆಯ ಅನುದಾನಕ್ಕೆ ಒಳಪಟ್ಟ ಸಂಸ್ಥೆ. ಸುರಕ್ಷತೆ ನೋಡಿಕೊಳ್ಳುವ ಅಣುಶಕ್ತಿ ನಿಯಂತ್ರಣ ಮಂಡಳಿಗೆ ಕಾನೂನಿನ ಸ್ವಾಯತ್ತತೆಯಿಲ್ಲ ಎಂದು ಮಹಾಲೇಖಪಾಲರ ವರದಿಯೇ 2012ರಲ್ಲಿ ಹೇಳಿತ್ತು. ನೋಂದಣಿಯ ವ್ಯಾಪ್ತಿಗೆ ಸಿಗದ ಇನ್ನೊಂದು ಗುಂಪಿದೆ: ದುರಸ್ತಿಯ ಹೊತ್ತಿಗೆ ಬರುವ ಗುತ್ತಿಗೆ ಕಾರ್ಮಿಕರು. ಕೆಲಸ ಮುಗಿದ ಮೇಲೆ ಅವರು ತಮ್ಮ ಊರುಗಳಿಗೆ ಮರಳುತ್ತಾರೆ. ಹತ್ತಿಪ್ಪತ್ತು ವರ್ಷದ ಮೇಲೆ ಬರುವ ಕಾಯಿಲೆ ಕಾರವಾರದ ನೋಂದಣಿಗೆ ಸೇರುವುದಿಲ್ಲ. ಊರವರಿಗಿಂತ ಹೆಚ್ಚು ಡೋಸು ಪಡೆದಿರಬಹುದಾದವರು ಇವರೇ.

ವಿಕಿರಣದ ವಾದದ ನಡುವೆ ಕಣ್ಣಿಗೆ ಕಾಣುವ ಪರಿಣಾಮಗಳು ಹಿಂದೆ ಸರಿದವು. ಅಣುಶಾಖದ ಮೂರನೇ ಒಂದು ಪಾಲಿಗಿಂತ ಕಡಿಮೆ ಮಾತ್ರ ವಿದ್ಯುತ್ತಾಗುತ್ತದೆ. ನಾಲ್ಕೂ ಘಟಕ ನಡೆದಾಗ ಎರಡು ಸಾವಿರ ಮೆಗಾವ್ಯಾಟಿಗೂ ಮೀರಿದ ಶಾಖ ಕದ್ರಾ ಜಲಾಶಯದ ನೀರಿಗೆ ಸೇರುತ್ತದೆ. ಬೆಚ್ಚಗಿನ ನೀರಿನಲ್ಲಿ ಕರಗಿದ ಆಮ್ಲಜನಕ ಕಡಿಮೆ, ಮೀನಿನ ಬದುಕು ಕಷ್ಟ. ಕಣಿವೆಯ ಕಾಡನ್ನು ಕದ್ರಾ, ಕೊಡಸಳ್ಳಿ ಅಣೆಕಟ್ಟುಗಳು ಮುಳುಗಿಸಿದವು. ಮೇಲಿನ ಕಾಡನ್ನು ತಂತಿಮಾರ್ಗ ಸೀಳಿತು. ಗುತ್ತೂರಿನವರೆಗಿನ ಆ ಸೀಳು ನಮ್ಮ ಪಾಲಿನದು. ಅಷ್ಟೇ ವಿದ್ಯುತ್ತನ್ನು ಕಲ್ಲಿದ್ದಲಿನಿಂದ ತೆಗೆದಿದ್ದರೆ ಹಾರುಬೂದಿಯ ಹೊರೆ ಉಷ್ಣ ವಿದ್ಯುತ್ ಸ್ಥಾವರಗಳಿರುವ ಶಕ್ತಿನಗರದ, ಕುಡಿತಿನಿಯ ಜನರ ಶ್ವಾಸಕೋಶಕ್ಕೆ ಬೀಳುತ್ತಿತ್ತು ಎಂಬುದನ್ನೂ ಮರೆಯಲಾಗದು.

ನಮ್ಮ ನೆಲದ ಮಾತೂ ಒಂದಿದೆ. ಪೂರ್ವ ಕರ್ನಾಟಕದ 73 ಹಳ್ಳಿಗಳ ಅಂತರ್ಜಲ ಕುರಿತು 2021ರಲ್ಲಿ ಪ್ರಕಟವಾದ ಅಧ್ಯಯನ, 57 ಹಳ್ಳಿಗಳಲ್ಲಿ ಯುರೇನಿಯಂ ಲೀಟರಿಗೆ 30 ಮೈಕ್ರೋಗ್ರಾಂ ಮಿತಿ ಮೀರಿದ್ದನ್ನು ತೋರಿಸಿತು. ಜಗಳೂರಿನ ನೆರೆಯ ಚಿತ್ರದುರ್ಗ ಜಿಲ್ಲೆಯೂ ಅದರಲ್ಲಿತ್ತು. ಇದು ಯಾವ ಸ್ಥಾವರದಿಂದಲೂ ಬಂದದ್ದಲ್ಲ, ಬಂಡೆಯಿಂದ ಬಂದದ್ದು. ಕೊಳವೆಬಾವಿ ಆಳಕ್ಕಿಳಿದಂತೆ ಮೇಲೆ ಬಂದದ್ದು. ಮುಖ್ಯ ಹಾನಿ ವಿಕಿರಣದ್ದಲ್ಲ, ಮೂತ್ರಪಿಂಡಕ್ಕೆ ಆಗುವ ರಾಸಾಯನಿಕ ಹಾನಿ. ಈಗ ಚಳ್ಳಕೆರೆಯ ಉಳ್ಳಾರ್ತಿ ಕಾವಲಿನಲ್ಲಿ ಭಾಭಾ ಅಣು ಸಂಶೋಧನಾ ಕೇಂದ್ರಕ್ಕೆ 1,800 ಎಕರೆಗೂ ಹೆಚ್ಚು ಜಮೀನು ಸಂದಿದೆ. ಅಲ್ಲಿನ ಕೆಲಸ ಪೂರ್ಣವಾಗುವ ಮುನ್ನವೇ ಜಗಳೂರು, ಚಳ್ಳಕೆರೆಗಳ ಬಾವಿಗಳ ಯುರೇನಿಯಂ ಪ್ರಮಾಣವನ್ನು ಊರುವಾರು ಬರೆದಿಡದಿದ್ದರೆ, ಮುಂದೆ ಬಂಡೆಯದೆಷ್ಟು, ಆ ಕೇಂದ್ರದ್ದೆಷ್ಟು ಎಂದು ಯಾರೂ ಹೇಳಲಾರರು.

ಕೈಗಾದಲ್ಲಿ ತಲಾ 700 ಮೆಗಾವ್ಯಾಟಿನ ಇನ್ನೆರಡು ಘಟಕಗಳು ಬರಲಿವೆ. 2018ರ ಡಿಸೆಂಬರ್ 15ರಂದು ಮಲ್ಲಾಪುರದಲ್ಲಿ ನಡೆದ ಸಾರ್ವಜನಿಕ ಅಹವಾಲಿನಲ್ಲಿ ವಿರೋಧ ಜೋರಾಗಿತ್ತು. ಪರಿಸರ ಅನುಮತಿ 2019ರಲ್ಲಿ ದೊರೆಯಿತು. ಆ ಘಟಕಗಳು ಉತ್ಪಾದನೆ ಆರಂಭಿಸುವುದರೊಳಗೆ ಮಲ್ಲಾಪುರ, ಕದ್ರಾ, ವಿರ್ಜೆಗಳ ಜನನ, ಗರ್ಭಪಾತ, ಮರಣ, ಥೈರಾಯ್ಡ್ ಮತ್ತು ಕ್ಯಾನ್ಸರ್ ದಾಖಲೆಯನ್ನು, ಅದೇ ಮಳೆ ಅದೇ ಕಾಡಿರುವ ದೂರದ ಊರುಗಳ ದಾಖಲೆಯ ಜೊತೆಯಲ್ಲಿ, ಅಣುಶಕ್ತಿ ಇಲಾಖೆಯ ಹೊರಗಿನ ಸಂಸ್ಥೆಗಳು ಸಿದ್ಧಪಡಿಸಬೇಕು. ಕಾರವಾರದ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯೂ ಮಂಗಳೂರು ವಿಶ್ವವಿದ್ಯಾನಿಲಯವೂ ಕೂಡಿದರೆ ಇದು ಆಗದ ಕೆಲಸವಲ್ಲ. ಬಾವಿಯ ನೀರಿನ ಟ್ರಿಟಿಯಂ ಅಳತೆಯನ್ನು ಮಳೆಗಾಲ, ಬೇಸಿಗೆ ಎರಡರಲ್ಲೂ ತೆಗೆದು ಗ್ರಾಮ ಪಂಚಾಯಿತಿಯ ಗೋಡೆಗೆ ಕನ್ನಡದಲ್ಲಿ ಹಚ್ಚಬೇಕು. ಗುತ್ತಿಗೆ ಕಾರ್ಮಿಕರ ಕೈಗೆ ಅವರ ಡೋಸಿನ ಚೀಟಿಯನ್ನು ಕೊಟ್ಟು, ಊರಿಗೆ ಮರಳಿದ ಮೇಲೂ ಮೂವತ್ತು ವರ್ಷ ತಪಾಸಣೆ ಮುಂದುವರಿಸಬೇಕು. ಅದರ ವೆಚ್ಚ ಗುತ್ತೂರಿನಿಂದ ಈಚೆ ಆ ವಿದ್ಯುತ್ತನ್ನು ಬಳಸುವ ನಮ್ಮ ಬಿಲ್ಲಿನಲ್ಲಿ ಸೇರಿದರೂ ಅದು ನ್ಯಾಯವೇ.