ಹುಳಿಗೆ ಮುಪ್ಪಿಲ್ಲ

ಜಗಳೂರು ಸೀಮೆಯ ಎರೆಹೊಲದಲ್ಲಿ ಹಿಂಗಾರಿ ಕಡಲೆ ಹೂವಿಗೆ ಬಂದಾಗ, ಇಬ್ಬನಿ ಆರುವ ಮುಂಚೆ ಒಂದು ಸಾಲು ನಡೆದು ಬನ್ನಿ. ಮೊಣಕಾಲಿನ ಕೆಳಗೆಲ್ಲ ನವೆ ಹತ್ತುತ್ತದೆ. ಕೈಗೆ ಅಂಟಿದ್ದನ್ನು ನಾಲಗೆಗೆ ಮುಟ್ಟಿಸಿದರೆ ಹಲ್ಲು ಜುಮ್ಮೆನ್ನುತ್ತದೆ. ಅದೇ ಕಡಲೆ ಹುಳಿ. ಬಯಲುಸೀಮೆಯ ಹಳಬರು ಇದನ್ನು ಹಿಡಿಯುತ್ತಿದ್ದ ಬಗೆ ಬಲು ಸರಳ. ಸಂಜೆ ಹೊತ್ತಿಗೆ ಒಗೆದ ತೆಳು ಪಂಚೆಯನ್ನು ಗಿಡಗಳ ತಲೆಯ ಮೇಲೆ ಹಾಸಿ ಬರುವುದು, ಬೆಳಿಗ್ಗೆ ನೆಂದು ಭಾರವಾದ ಬಟ್ಟೆಯನ್ನು ಹಿಂಡುವುದು. ಹಿಂಡಿದ ನೀರು ಗಾಜಿನ ಸೀಸೆಗೋ ಮಣ್ಣಿನ ಕುಡಿಕೆಗೋ ಹೋಗಬೇಕು, ತಾಮ್ರ ಹಿತ್ತಾಳೆಯ ಪಾತ್ರೆಗೆ ಅಲ್ಲ. ಉಂಡದ್ದು ಅರಗದೆ ಹೊಟ್ಟೆ ಕಲ್ಲಾದಾಗ ಈ ಹುಳಿಯ ನಾಲ್ಕು ಹನಿಯನ್ನು ನೀರಿಗೆ ಬಿಟ್ಟು ಕುಡಿಸುವುದು ವಾಡಿಕೆ. ಆಯುರ್ವೇದದವರು ಇದನ್ನು ಚಣಕಾಮ್ಲ ಎನ್ನುತ್ತಾರೆ.

ಕಡಲೆ ಗಿಡ ಹುಳಿ ಸುರಿಸುವುದು ನಮ್ಮ ಅಜೀರ್ಣದ ಮೇಲಿನ ಕರುಣೆಯಿಂದಲ್ಲ. ಎಲೆ, ಕಾಂಡ, ಕಾಯಿಯ ಮೇಲೆಲ್ಲ ಸಣ್ಣ ರೋಮಗಳಿವೆ. ಅವುಗಳ ತುದಿಯ ಗ್ರಂಥಿಗಳಿಂದ ಒಸರುವುದು ಮುಖ್ಯವಾಗಿ ಮ್ಯಾಲಿಕ್ ಆಮ್ಲ, ಜೊತೆಗೆ ಆಕ್ಸಾಲಿಕ್ ಆಮ್ಲ. ಮ್ಯಾಲಿಕ್ ಎಂದರೆ ಸೇಬಿನ ಹುಳಿ. ಕಾಯಿಕೊರಕ ಹುಳು ಮೈ ಹತ್ತದಂತೆ, ಹತ್ತಿದರೂ ಚೆನ್ನಾಗಿ ಬೆಳೆಯದಂತೆ ಇದು ಒಂದಿಷ್ಟು ತಡೆಯುತ್ತದೆ. ನೆಲದೊಳಗೂ ಇದೇ ಕೆಲಸ ನಡೆದಿರುತ್ತದೆ. ಸುಣ್ಣಕಲ್ಲಿನ ಅಂಶ ಹೆಚ್ಚಿರುವ ಎರೆಮಣ್ಣಿನಲ್ಲಿ ರಂಜಕ ಸುಣ್ಣಕ್ಕೆ ಕಚ್ಚಿಕೊಂಡಿರುತ್ತದೆ; ಕಡಲೆಯ ಬೇರು ಹುಳಿ ಬಿಟ್ಟು ಅದನ್ನು ಕರಗಿಸಿ ಹೀರುತ್ತದೆ. ಗೊಬ್ಬರ ಕಾಣದ ಹೊಲದಲ್ಲೂ ಕಡಲೆ ಹೇಗೋ ಬಂದುಬಿಡುವುದರ ಹಿಂದೆ ಈ ಹುಳಿಯ ಪಾಲೂ ಇದೆ.

ಹುಳಿ ಎಂಬ ಮಾತು ಎಷ್ಟು ಹಳೆಯದು ನೋಡಿ. ಹಳಗನ್ನಡದಲ್ಲಿ ಪುಳಿ, ನಡುಗನ್ನಡಕ್ಕೆ ಬರುವಷ್ಟರಲ್ಲಿ ಹುಳಿ. ಪಾಲು ಹಾಲಾದದ್ದೂ ಅದೇ ಕಾಲದಲ್ಲಿ. ಆಮೇಲೆ ಈ ಎರಡನ್ನೂ ಒಂದೇ ಪಾತ್ರೆಗೆ ಹಾಕಿ ಹಾಲಿಗೆ ಹುಳಿ ಹಿಂಡುವ ಮಾತನ್ನೂ ಕಟ್ಟಿಕೊಂಡೆವು. ಪುಳಿಯೋಗರೆಯೊಂದು ಮಾತ್ರ ಅಯ್ಯಂಗಾರರ ಅಡುಗೆಮನೆಯಲ್ಲಿ ಹಳೆಯ ಪಕಾರವನ್ನು ಬಿಡದೆ ಉಳಿಸಿಕೊಂಡಿದೆ. ರುಚಿಗೂ ಹುಳಿ, ರುಚಿ ಕೊಡುವ ಹುಣಸೆಹಣ್ಣಿನ ರಸಕ್ಕೂ ಹುಳಿ, ಮೈಸೂರು ಕಡೆ ಬೇಳೆ ತರಕಾರಿಯ ಇಡೀ ಅಡುಗೆಗೇ ಹುಳಿ. ಹಿಟ್ಟು ಉಬ್ಬಿದರೆ ‘ಹುಳಿ ಬಂತು’ ಎನ್ನುತ್ತೇವೆ. ದಾವಣಗೆರೆಯ ಬೆಣ್ಣೆದೋಸೆಯವರಿಗೆ ಅದು ಸಂತೋಷದ ಸುದ್ದಿ. ಅದೇ ಮಾತನ್ನು ರಾತ್ರಿಯ ಸಾರಿನ ಬಗ್ಗೆ ಹೇಳಿದರೆ ಸಾರು ಚರಂಡಿಗೆ.

ಹಾಲಿಗೆ ಹುಳಿ ಹಿಂಡುವ ಮಾತಿನಲ್ಲಿ ಲೆಕ್ಕವೂ ಅಡಗಿದೆ. ಹಾಲಿನ ಕೇಸೀನ್ ಎಂಬ ಪ್ರೋಟೀನು, ಹುಳಿಯ ಅಳತೆಯಾದ ಪಿಎಚ್ 4.6ರ ಹತ್ತಿರ ಬಂದರೆ ಕರಗಿ ನಿಲ್ಲಲಾರದೆ ಗಟ್ಟಿಯಾಗುತ್ತದೆ. ನಿಂಬೆಹಣ್ಣು ಹಿಂಡಿದರೆ ಇದು ಕಣ್ಣೆದುರೇ ಆಗಿ ಹಾಲು ಒಡೆಯುತ್ತದೆ. ಹೆಪ್ಪು ಹಾಕಿದರೆ ಬ್ಯಾಕ್ಟೀರಿಯಾಗಳು ರಾತ್ರಿಯಿಡೀ ಲ್ಯಾಕ್ಟಿಕ್ ಆಮ್ಲ ಮಾಡುತ್ತ ಮೆಲ್ಲಗೆ ಅಲ್ಲಿಗೇ ತಂದು ನಿಲ್ಲಿಸುತ್ತವೆ, ಗಟ್ಟಿ ಮೊಸರು ಸಿಗುತ್ತದೆ. ಹುಳಿ ಹಿಂಡಿದವನನ್ನು ಊರು ಬೈಯುತ್ತದೆ, ಹೆಪ್ಪು ಹಾಕಿದವಳನ್ನು ಯಾರೂ ಬೈಯುವುದಿಲ್ಲ. ತಲುಪಿದ ಜಾಗ ಒಂದೇ ಆದರೂ ಅವಸರಕ್ಕೆ ಬೈಗುಳ.

ಇನ್ನು ‘ಹುಣಸೆ ಮರ ಮುಪ್ಪಾದರೂ ಹುಳಿ ಮುಪ್ಪೇ?’ ಎಂಬ ಗಾದೆ. ವಯಸ್ಸಾದರೂ ಚಪಲ ಬಿಡದವರ ಮೇಲೆ ಇದನ್ನು ಎಸೆಯುತ್ತೇವೆ. ಆದರೆ ಗಾದೆ ಕಟ್ಟಿದವರು ಹಣ್ಣನ್ನೂ ಸರಿಯಾಗಿ ನೋಡಿದ್ದರು. ಮಾವಿನಕಾಯಿ ಹಣ್ಣಾಗುವಾಗ ಅದರ ಹುಳಿ ಖರ್ಚಾಗುತ್ತ ಹೋಗುತ್ತದೆ, ಏಕೆಂದರೆ ಸಿಟ್ರಿಕ್ ಮತ್ತು ಮ್ಯಾಲಿಕ್ ಆಮ್ಲಗಳನ್ನು ಹಣ್ಣಿನ ಜೀವಕೋಶಗಳು ಉಸಿರಾಟದಲ್ಲಿ ಉರಿಸಿಕೊಳ್ಳುತ್ತವೆ. ಹುಣಸೆಯಲ್ಲಿರುವುದು ಟಾರ್ಟಾರಿಕ್ ಆಮ್ಲ. ಅದನ್ನು ಮಾಗುವ ಕಾಯಿ ಹಾಗೆ ಉರಿಸಿಕೊಳ್ಳುವುದಿಲ್ಲ. ಹಣ್ಣಿಗೆ ಸಕ್ಕರೆ ತುಂಬುತ್ತದೆ, ಹುಳಿ ಇದ್ದಲ್ಲೇ ಇರುತ್ತದೆ. ತಿರುಳಿನ ತೂಕದಲ್ಲಿ ಶೇ 8ರಿಂದ 18ರವರೆಗೂ ಟಾರ್ಟಾರಿಕ್ ಆಮ್ಲ ಸಿಗುವುದುಂಟು. ಸ್ವೀಡನ್ನಿನ ಔಷಧ ಅಂಗಡಿಯವ ಕಾರ್ಲ್ ಶೀಲೆ ಇದನ್ನು ಬೇರ್ಪಡಿಸಿದ್ದು 1769ರಲ್ಲಿ, ದ್ರಾಕ್ಷಿಮದ್ಯದ ಪೀಪಾಯಿಯ ಗಷ್ಟಿನಿಂದ. ಮುಂದೆ ಹುಳಿಹಾಲಿನ ಆಮ್ಲ, ನಿಂಬೆಯದು, ಸೇಬಿನದು, ಎಲ್ಲವನ್ನೂ ಒಂದೊಂದಾಗಿ ತೆಗೆದವನೂ ಅವನೇ. ಹುಳಿಗಳನ್ನು ಹೀಗೆ ಹುಡುಕಿಕೊಂಡು ಹೋದವನು ಮತ್ತೊಬ್ಬನಿಲ್ಲ.

ಜಗಳೂರಿನ ಹೊಲದ ಬದುವಿನ ಕತ್ತಾಳೆ, ಪಾಪಾಸುಕಳ್ಳಿಗಳ ಹುಳಿಯ ಕತೆ ಬೇರೆಯೇ. ಹಗಲು ಎಲೆಯ ರಂಧ್ರ ತೆರೆದರೆ ಇದ್ದ ನೀರೂ ಆವಿಯಾಗಿ ಹೋಗುವ ನಾಡು ಅದು. ಆದ್ದರಿಂದ ಈ ಗಿಡಗಳು ರಾತ್ರಿ ಬಾಗಿಲು ತೆರೆದು ಇಂಗಾಲದ ಡೈಆಕ್ಸೈಡ್ ಒಳಗೆ ತೆಗೆದುಕೊಂಡು, ಅದನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಡುತ್ತವೆ. ಹಗಲು ಬಾಗಿಲು ಮುಚ್ಚಿ, ಕೂಡಿಟ್ಟದ್ದನ್ನು ಬಿಡಿಸಿ ಬಿಸಿಲಿನಲ್ಲಿ ಸಕ್ಕರೆ ಮಾಡುತ್ತವೆ. ಹೀಗಾಗಿ ಬೆಳಗ್ಗೆ ಹುಳಿ, ಸಂಜೆಗೆ ಸಪ್ಪೆ. ಇದನ್ನು ಮೊದಮೊದಲು ನಾಲಗೆಯಿಂದಲೇ ಕಂಡವನು ಬೆಂಜಮಿನ್ ಹೈನ್. ಈಸ್ಟ್ ಇಂಡಿಯಾ ಕಂಪನಿಗಾಗಿ ಮೆಕೆಂಜಿ ನಡೆಸಿದ ಮೈಸೂರು ಸರ್ವೆಯಲ್ಲಿ ಸಸ್ಯಶಾಸ್ತ್ರಜ್ಞನಾಗಿದ್ದು, ಬೆಂಗಳೂರಿನ ಲಾಲ್‌ಬಾಗನ್ನೂ ಕೆಲಕಾಲ ನೋಡಿಕೊಂಡಿದ್ದ ಜರ್ಮನ್ ವೈದ್ಯ. ಎಲೆಯ ಅಂಚಿನಲ್ಲೇ ಮರಿ ಹುಟ್ಟುವ ಕಾಡುಬಸಳೆಯನ್ನು ಹೊತ್ತುಹೊತ್ತಿಗೆ ಜಗಿದು ನೋಡಿ, ಬೆಳಿಗ್ಗೆ ಹುಳಿ, ಮಧ್ಯಾಹ್ನ ರುಚಿಯೇ ಇಲ್ಲ, ಸಂಜೆಗೆ ಕಹಿ ಎಂದು ಪತ್ರದಲ್ಲಿ ಬರೆದ. ಲಂಡನ್ನಿನಲ್ಲಿ ಆ ಪತ್ರ ಅಚ್ಚಾದದ್ದು 1815ರಲ್ಲಿ. ಕಾರಣ ಪೂರ್ತಿ ತಿಳಿಯಲು ಇನ್ನೂ ನೂರು ವರ್ಷಕ್ಕಿಂತ ಹೆಚ್ಚು ಬೇಕಾಯಿತು.

ಇಷ್ಟೆಲ್ಲ ಹುಳಿಯ ಬಾಳು ಇದ್ದರೂ ಶಾಲೆಯ ಪಾಠಕ್ಕೆ ಮಾತ್ರ ಅದು ಸಾಲಲಿಲ್ಲ. ಅಲ್ಲಿಗೆ ಆಮ್ಲ ಬಂತು. ಆಮ್ಲ ಎಂದರೂ ಹುಳಿಯೇ, ಸಂಸ್ಕೃತದ್ದು. ಅದು ಒಬ್ಬಂಟಿಯಾಗಿ ಬರಲಿಲ್ಲ, ಆಮ್ಲಜನಕವನ್ನೂ ಕರೆತಂದಿತು: ಹುಳಿಯನ್ನು ಹುಟ್ಟಿಸುವುದು. ಎಲ್ಲ ಆಮ್ಲಗಳಲ್ಲೂ ಈ ಅನಿಲ ಇದ್ದೇ ಇರಬೇಕೆಂದು ಫ್ರಾನ್ಸಿನ ಲವಾಸಿಯೇ ನಂಬಿ ಇಟ್ಟ ಆಕ್ಸಿಜನ್ ಎಂಬ ಹೆಸರಿನ ಅನುವಾದ ಅದು. 1810ರಲ್ಲಿ ಹಂಫ್ರಿ ಡೇವಿ ಹೈಡ್ರೋಕ್ಲೋರಿಕ್ ಆಮ್ಲದಲ್ಲಿ ಆಕ್ಸಿಜನ್ ಇಲ್ಲವೇ ಇಲ್ಲ ಎಂದು ತೋರಿಸಿದ. ಹುಳಿ ಹುಟ್ಟಿಸುವುದು ಹೈಡ್ರೋಜನ್ ಎಂಬುದು ಆಮೇಲೆ ನಿಶ್ಚಯವಾಯಿತು. ಹೆಸರು ಬದಲಾಗಲಿಲ್ಲ. ಹೊನ್ನಾಳಿಯ ಹೈಸ್ಕೂಲಿನ ಹುಡುಗಿ ಇವತ್ತೂ ಆಮ್ಲಜನಕ ಎಂದು ಬರೆದು ಅಂಕ ಪಡೆಯುವಾಗ ಫ್ರೆಂಚನೊಬ್ಬನ ತಪ್ಪನ್ನು ಸಂಸ್ಕೃತದಲ್ಲಿ ಬರೆದಿರುತ್ತಾಳೆ. ಇದರಲ್ಲಿ ತಮಾಷೆ ಎಂದರೆ ಡೇವಿ ಪರೀಕ್ಷಿಸಿದ ಆ ಆಮ್ಲವೇ ನಮ್ಮ ನಿಮ್ಮ ಜಠರದಲ್ಲಿರುವುದು. ಇಂಗ್ಲೆಂಡಿನ ವೈದ್ಯ ವಿಲಿಯಂ ಪ್ರೌಟ್ 1823ರಲ್ಲಿ ಅದನ್ನು ಗುರುತಿಸಿದ. ಅದಕ್ಕೂ ಮುಂಚೆಯೇ ಕನ್ನಡದವರು ಭಯವಾದಾಗ ‘ಹೊಟ್ಟೆಯಲ್ಲಿ ಹುಣಸೆಹಣ್ಣು ಕಿವುಚಿದ ಹಾಗಾಯಿತು’ ಎನ್ನುತ್ತಿದ್ದರೋ ಏನೋ. ಪ್ರೌಟ್‌ಗೆ ಕನ್ನಡ ಬರುತ್ತಿದ್ದರೆ ಕೆಲಸ ಸಲೀಸಾಗುತ್ತಿತ್ತು.

ಮೂರನೆಯ ಮಾತು ಆಸಿಡ್. ಇದು ಬಂದದ್ದು ಬ್ಯಾಟರಿ ಅಂಗಡಿಯಿಂದ, ಅಕ್ಕಸಾಲಿಗನ ಒರೆಗಲ್ಲಿನ ಪಕ್ಕದ ಪುಟ್ಟ ಸೀಸೆಯಿಂದ, ಬಚ್ಚಲು ತೊಳೆಯುವ ಬಾಟಲಿಯಿಂದ. ಹೆಣ್ಣುಮಕ್ಕಳ ಮುಖಕ್ಕೆ ಎರಚಿದ ಸುದ್ದಿಗಳಿಂದಲೂ ಬಂತು. 2013ರಲ್ಲಿ ಸುಪ್ರೀಂ ಕೋರ್ಟು ಅಂಗಡಿಯ ಮಾರಾಟಕ್ಕೆ ಕಡಿವಾಣ ಹಾಕಬೇಕಾಯಿತು. ಹಾಗಾಗಿ ಆ ಮಾತು ಕಿವಿಗೆ ಬಿದ್ದರೇ ಮೈ ಜುಮ್ಮೆನ್ನುತ್ತದೆ. ಆದರೂ ಬಚ್ಚಲಿನ ಬಾಟಲಿಯಲ್ಲೂ ಹೊಟ್ಟೆಯಲ್ಲೂ ಇರುವುದು ಹೈಡ್ರೋಕ್ಲೋರಿಕ್ ಆಮ್ಲವೇ, ಗಾಢತೆ ಬೇರೆ. ಜಠರದ ಪಿಎಚ್ 1.5ರಿಂದ 3.5. ನಿಂಬೆರಸ 2ರ ಆಸುಪಾಸು. ಪಿಎಚ್ ಒಂದು ಅಂಕಿ ಇಳಿದರೆ ಹುಳಿ ಹತ್ತು ಪಟ್ಟು ಏರಿತು ಎಂದರ್ಥ. ಈ ಅಳತೆಗೋಲು 1909ರಲ್ಲಿ ಹುಟ್ಟಿದ್ದು ಡೆನ್ಮಾರ್ಕಿನ ಒಂದು ಬಿಯರ್ ಕಂಪನಿಯ ಪ್ರಯೋಗಾಲಯದಲ್ಲಿ.

ಹೊಟ್ಟೆಯ ಹುಳಿ ತಣ್ಣಗೆ ತನ್ನ ಕೆಲಸ ಮಾಡಿಕೊಂಡಿರುತ್ತದೆ. ಪೆಪ್ಸಿನ್‌ಗೆ ಜೀವ ಕೊಟ್ಟು ಕಾಳುಬೇಳೆಯ ಪ್ರೋಟೀನು ಬಿಡಿಸುತ್ತದೆ, ನೀರಿನೊಂದಿಗೆ ಬಂದ ಕ್ರಿಮಿಗಳನ್ನು ಕೊಲ್ಲುತ್ತದೆ, ರಾಗಿ ಸೊಪ್ಪುಗಳ ಕಬ್ಬಿಣ ರಕ್ತಕ್ಕೆ ಸೇರಲು ದಾರಿ ಮಾಡುತ್ತದೆ. ಸೊಪ್ಪಿನ ಪಲ್ಯಕ್ಕೆ ನಿಂಬೆ ಹಿಂಡಿದರೆ ಅದರ ಆಸ್ಕಾರ್ಬಿಕ್ ಆಮ್ಲ, ಅಂದರೆ ವಿಟಮಿನ್ ಸಿ, ಈ ಕೆಲಸಕ್ಕೆ ಕೈಜೋಡಿಸುತ್ತದೆ. ರಕ್ತ ಮಾತ್ರ ಹುಳಿಯಾಗುವುದಿಲ್ಲ. ನೀವು ಏನೇ ತಿಂದರೂ ಶ್ವಾಸಕೋಶ ಮತ್ತು ಮೂತ್ರಪಿಂಡಗಳು ಅದನ್ನು 7.35ರಿಂದ 7.45ರೊಳಗೆ ಹಿಡಿದಿಡುತ್ತವೆ. ರಕ್ತದ ಹುಳಿ ಇಳಿಸುತ್ತೇವೆಂದು ಕ್ಷಾರದ ನೀರು ಮಾರುವವರು ನಿಮ್ಮ ಜೇಬನ್ನು ಮಾತ್ರ ಇಳಿಸುತ್ತಾರೆ.

ಎದೆಯುರಿ, ಹುಳಿತೇಗು ಎಂಬ ಒಳ್ಳೆಯ ಮಾತುಗಳು ನಮ್ಮಲ್ಲಿದ್ದವು. ಎಲ್ಲಿ ಉರಿ, ಏನು ಮೇಲೆ ಬಂತು ಎಂಬುದನ್ನು ಅವೇ ಹೇಳುತ್ತಿದ್ದವು. ಈಗ ಎಲ್ಲಕ್ಕೂ ‘ಗ್ಯಾಸ್ಟ್ರಿಕ್’. ನ್ಯಾಮತಿಯ ಬಸ್‌ಸ್ಟ್ಯಾಂಡೋ ಚನ್ನಗಿರಿಯ ಸಂತೆಯೋ, ಮೆಡಿಕಲ್ ಶಾಪಿನ ಮುಂದೆ ಸ್ವಲ್ಪ ಹೊತ್ತು ನಿಲ್ಲಿ. ‘ಅಣ್ಣಾ, ಗ್ಯಾಸ್ಟ್ರಿಕ್ ಆಗೈತೆ, ಒಂದ್ ಮಾತ್ರೆ ಕೊಡು.’ ‘ಖಾಲಿ ಹೊಟ್ಟೆಗೆ ತಗೋಳಪ್ಪ.’ ಮುಗಿಯಿತು ಚಿಕಿತ್ಸೆ. ಇಂಗ್ಲಿಷಿನಲ್ಲಿ ಆ ಮಾತಿಗೆ ಇರುವ ಅರ್ಥ ಜಠರಕ್ಕೆ ಸಂಬಂಧಿಸಿದ್ದು ಎಂದಷ್ಟೇ. ‘ನನಗೆ ಗ್ಯಾಸ್ಟ್ರಿಕ್’ ಎಂದರೆ ನನಗೂ ಒಂದು ಹೊಟ್ಟೆ ಇದೆ ಎಂದ ಹಾಗಾಯಿತು. ಮಾತಿನ ತಪ್ಪಿಗೆ ನನ್ನ ತಕರಾರಿಲ್ಲ, ಕನ್ನಡ ಎಷ್ಟೋ ಮಾತನ್ನು ತಿರುಚಿಕೊಂಡೇ ಬೆಳೆದಿದೆ. ತಕರಾರು ಇರುವುದು ಆ ಮಾತು ಮುಚ್ಚಿಡುವುದರ ಬಗ್ಗೆ. ಎದೆ ಹಿಂಡಿ, ಬೆವರಿ, ಎಡಗೈಗೆ ನೋವು ಇಳಿದಾಗಲೂ ‘ಗ್ಯಾಸ್ಟ್ರಿಕ್ ಇರ್ಬೇಕು ಬಿಡು’ ಎಂದು ಸೋಡಾ ಕುಡಿದು ಮಲಗಿದವರು ಪ್ರತಿ ಊರಿನಲ್ಲೂ ಇದ್ದಾರೆ. ಹೃದಯಾಘಾತದಲ್ಲಿ ಆ ಒಂದೆರಡು ಗಂಟೆಯೇ ಪ್ರಾಣ. ಇತ್ತ ಆಮ್ಲ ತಗ್ಗಿಸುವ ಮಾತ್ರೆಯನ್ನು ವೈದ್ಯರನ್ನು ಕೇಳದೆ ವರ್ಷಗಟ್ಟಲೆ ನುಂಗಿದರೆ ಬಿ12 ಜೀವಸತ್ವ ಸರಿಯಾಗಿ ಸಿಗದೆ ಕೈಕಾಲು ಜೋಮು ಹಿಡಿಯುವುದೂ ಉಂಟು.

ಜಠರದಲ್ಲಿ ಹುಣ್ಣಾದರೂ ಹುಳಿಯೊಂದರದೇ ತಪ್ಪು ಎಂದು ವೈದ್ಯರೂ ಬಹುಕಾಲ ನಂಬಿದ್ದರು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಹೆಲಿಕೋಬ್ಯಾಕ್ಟರ್ ಎಂಬ ಬ್ಯಾಕ್ಟೀರಿಯಾವನ್ನು ತಾನೇ ಕುಡಿದು, ಜಠರ ಕೆಂಪೇರಿ ಊದಿಕೊಳ್ಳುವುದನ್ನು ತೋರಿಸಿದ. 2005ರಲ್ಲಿ ಅವನಿಗೂ ಜೊತೆಗಾರ ರಾಬಿನ್ ವಾರನ್‌ಗೂ ನೊಬೆಲ್ ಬಂತು. ಅಷ್ಟು ಹುಳಿಯಲ್ಲಿ ಆ ಜೀವಿ ಬದುಕುವುದು ತನ್ನ ಸುತ್ತ ಅಮೋನಿಯಾ ಮಾಡಿಕೊಂಡು, ಹುಳಿಯನ್ನು ಮುರಿದು. ಹುಳಿ ಮುರಿಯುವುದು ಎಂಬ ಕ್ರಿಯಾಪದ ನಮ್ಮದೇ, ರೈತರದು.

ಅದು ಮಣ್ಣಿಗೆ ಸೇರಿದ ಮಾತು. ದಾವಣಗೆರೆ ಸೀಮೆಯ ಮಣ್ಣನ್ನೇ ನೋಡಿ. 1997ರಲ್ಲಿ ದಾವಣಗೆರೆ ಜಿಲ್ಲೆ ಆದಾಗ ಶಿವಮೊಗ್ಗದಿಂದ ಚನ್ನಗಿರಿ, ಹೊನ್ನಾಳಿ ಬಂದವು, ಚಿತ್ರದುರ್ಗದಿಂದ ಜಗಳೂರು. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾಯಿತು. ಹೀಗೆ ಮಲೆನಾಡಿನ ಸೆರಗಿನಿಂದ ಜಗಳೂರಿನ ಕೊಂಡುಕುರಿಯ ಕುರುಚಲು ಕಾಡಿನವರೆಗೆ ಎಲ್ಲ ಬಗೆಯ ಮಣ್ಣೂ ಒಂದೇ ಜಿಲ್ಲೆಗೆ ಬಿತ್ತು. ಮಳೆ ಹೆಚ್ಚಿರುವ ಪಶ್ಚಿಮದ ಕೆಂಪು ಮಣ್ಣಿನಲ್ಲಿ ಸುಣ್ಣದಂಶ ತೊಳೆದುಹೋಗಿ ಹುಳಿ ಉಳಿಯುತ್ತದೆ, ಮಳೆ ಕಡಿಮೆ ಇರುವ ಎರೆಯಲ್ಲಿ ಸುಣ್ಣ ನಿಂತು ಚೌಳಿನ ಕಡೆ ವಾಲುತ್ತದೆ. ಸಾಲದ್ದಕ್ಕೆ ಅಮೋನಿಯಾ ಗೊಬ್ಬರವೂ ವರ್ಷವರ್ಷ ಮಣ್ಣನ್ನು ಹುಳಿಯಾಗಿಸುತ್ತದೆ. ಪಿಎಚ್ 5.5ಕ್ಕಿಂತ ಕೆಳಗಿಳಿದರೆ ಮಣ್ಣಿನ ಅಲ್ಯೂಮಿನಿಯಂ ಕರಗಿ ಬೇರಿನ ತುದಿಯನ್ನೇ ಸುಡುತ್ತದೆ, ಹಾಕಿದ ರಂಜಕ ಗಿಡಕ್ಕೆ ದಕ್ಕುವುದಿಲ್ಲ. ಅಡಿಕೆ ತೋಟಕ್ಕೆ ಸುಣ್ಣವನ್ನೋ ಡೋಲೋಮೈಟನ್ನೋ ಹಾಕುವುದು ಇದಕ್ಕೇ. ಆದರೆ ಪಕ್ಕದವನು ಹಾಕಿದ ಎಂದು ಪರೀಕ್ಷೆಯಿಲ್ಲದೆ ಸುರಿದರೆ ಸತು, ಬೋರಾನ್ ಸಿಗದೆ ಬೇರೆ ರೋಗ ಶುರು.

ಮಣ್ಣು ಪರೀಕ್ಷೆಯ ಚೀಟಿಯಲ್ಲಿ ಈ ಹುಳಿಯ ಅಳತೆಗೆ ಇನ್ನೂ ಒಂದು ಹೆಸರಿದೆ, ರಸಸಾರ. ಇಲಾಖೆಯವರ ಸೃಷ್ಟಿ ಇರಬೇಕು, ಕೇಳಲು ಚೆನ್ನಾಗಿದೆ, ಹಳೆಯ ವೈದ್ಯಗ್ರಂಥದ ಹೆಸರಿನಂತಿದೆ. ಗೊಬ್ಬರದ ಅಂಗಡಿಯವನು ಅದನ್ನೇ ಪಿಎಚ್ ಎನ್ನುತ್ತಾನೆ. ಚೀಟಿ ಹಿಡಿದ ಚನ್ನಗಿರಿಯ ತೋಟದವನು ಎರಡನ್ನೂ ಕೇಳಿಸಿಕೊಂಡು, ಕೊನೆಗೆ ‘ಅದಿರ್ಲಿ ಸಾರ್, ಹುಳಿನೋ ಚೌಳೋ ಹೇಳಿ, ಎಕರೆಗೆ ಎಷ್ಟು ಚೀಲ ಸುಣ್ಣ?’ ಎಂದು ಕೇಳುತ್ತಾನೆ.