ಸಿಂಗ್ಲಿಷ್: ಸರ್ಕಾರಕ್ಕೆ ಬೇಡವಾದ ಇಂಗ್ಲಿಷ್

ಸಿಂಗಪುರದಲ್ಲಿ ಚೀನೀ ಉಪಭಾಷೆಗಳು, ಮಲಯ ಹಾಗೂ ತಮಿಳು ಇಂಗ್ಲಿಷಿನೊಡನೆ ಬೆರೆತು ರೂಪುಗೊಂಡ ಆಡುನುಡಿಯೇ ಸಿಂಗ್ಲಿಷ್. ವಾಕ್ಯದ ಕೊನೆಯ 'ಲಾ' ಇದರ ಗುರುತು. ನಮ್ಮ 'ಕಣ್ರೀ'ಯಂತೆ ಅದರಲ್ಲಿ ಅರ್ಥಕ್ಕಿಂತ ಸಲುಗೆಯೇ ಹೆಚ್ಚು. ಹೊಕ್ಕಿಯನ್ ಮೂಲದ 'ಕಿಯಾಸು' ಎಂದರೆ ಎಲ್ಲಿ ಹಿಂದೆ ಬೀಳುವೆನೋ ಎಂಬ ಆತಂಕ.

1965ರಲ್ಲಿ ಸ್ವತಂತ್ರವಾದ ಈ ಬಂದರು ನಗರ ವಿದೇಶಿ ಬಂಡವಾಳವನ್ನು ನೆಚ್ಚಿ ಬೆಳೆಯಿತು. 1987ರ ಹೊತ್ತಿಗೆ ಶಾಲೆಗಳೆಲ್ಲ ಇಂಗ್ಲಿಷ್ ಮಾಧ್ಯಮಕ್ಕೆ ಹೊರಳಿದವು. ಆದರೆ ಜನರು ಆ ಭಾಷೆಯನ್ನು ಮನೆಗೂ ಮಾರುಕಟ್ಟೆಗೂ ಒಯ್ದು ತಮ್ಮ ನುಡಿಗಳ ಲಯಕ್ಕೆ ಒಗ್ಗಿಸಿಕೊಂಡರು. ಹೊರಗಿನವರಿಗೆ ಅರ್ಥವಾಗದ ಇಂಗ್ಲಿಷಿನಿಂದ ವ್ಯವಹಾರ ಕೆಡುವುದೆಂಬ ಅಳುಕು ಸರ್ಕಾರದ್ದು. 1999ರಲ್ಲಿ ಪ್ರಧಾನಿ ಗೋ ಚೋಕ್ ಟಾಂಗ್, ಜನಪ್ರಿಯ ಹಾಸ್ಯ ಧಾರಾವಾಹಿಯ ಫುವಾ ಚು ಕಾಂಗ್ ಇಂಗ್ಲಿಷ್ ಕಲಿಯಲೆಂದು ರಾಷ್ಟ್ರೀಯ ದಿನದ ಭಾಷಣದಲ್ಲೇ ಹೇಳಿದರು. ಕಾಲ್ಪನಿಕ ಪಾತ್ರಕ್ಕೂ ವ್ಯಾಕರಣ ಪಾಠ! ಮರುವರ್ಷವೇ ಉತ್ತಮ ಇಂಗ್ಲಿಷ್ ಮಾತನಾಡಬೇಕೆಂಬ ಆಂದೋಲನ ಆರಂಭವಾಯಿತು.

ಸಿಂಗ್ಲಿಷ್ ಅಳಿಯಲಿಲ್ಲ. 2016ರಲ್ಲಿ ಆಕ್ಸ್‌ಫರ್ಡ್ ನಿಘಂಟು 'ಶಿಯೋಕ್' (ಸೊಗಸು) ಮೊದಲಾದ ಪದಗಳಿಗೆ ಸ್ಥಾನ ನೀಡಿತು. ನಷ್ಟವಾದದ್ದು ಬೇರೆಡೆ. ಜನಗಣತಿಯಂತೆ, ಮನೆಯಲ್ಲಿ ಹೆಚ್ಚಾಗಿ ಇಂಗ್ಲಿಷ್ ಆಡುವವರ ಪ್ರಮಾಣ 2010ರಲ್ಲಿ ಶೇ. 32.3 ಇದ್ದದ್ದು 2020ರಲ್ಲಿ ಶೇ. 48.3ಕ್ಕೆ ಏರಿತು. ಸಿಂಗ್ಲಿಷಿಗೆ ಪದಗಳನ್ನು ಧಾರೆಯೆರೆದ ಹೊಕ್ಕಿಯನ್ ಮುಂತಾದ ಚೀನೀ ಉಪಭಾಷೆಗಳ ಪಾಲು ಅದೇ ಅವಧಿಯಲ್ಲಿ ಶೇ. 14.3ರಿಂದ 8.7ಕ್ಕೆ ಕುಸಿಯಿತು.